ಬೆಲ್ಲ ಹಾಕಿದ ಮೂವತ್ತು ಬಾಟಲಿ

ಕೋಬೆ, ನಾದಾ
25 ಜೂನ್ 2023, ಭಾನುವಾರ

ಚಿರಂಜೀವಿ ಶ್ರೀರಕ್ಷಾಳಿಗೆ,

ಈ ಜಪಾನ್ ದೇಶಕ್ಕೆ ಬಿಯರಿನ ನೊರೆ ಎಂದರೇನೆಂದು ತೋರಿಸಿಕೊಟ್ಟವನು ನಾನು. ಹದಿನೆಂಟು ವರ್ಷದ ಹಿಂದೆ ನಾನು ಕೋಬೆಗೆ ಕಾಲಿಡುವವರೆಗೆ ಇವರೆಲ್ಲ ಬರೀ ಹಳದಿ ನೀರು ಕುಡಿದು, ಪಾಪ, ಒಬ್ಬರಿಗೊಬ್ಬರು ತಲೆ ಬಗ್ಗಿಸಿ ಮನೆಗೆ ಹೋಗುತ್ತಿದ್ದರು. ಇಲ್ಲಿನ ದೊಡ್ಡ ದೊಡ್ಡ ಕಂಪನಿಯವರು ಇವತ್ತಿಗೂ ನನ್ನನ್ನು ಕಂಡರೆ ಕಾರು ನಿಲ್ಲಿಸುತ್ತಾರೆ. ನಂಬುವುದಾದರೆ ನಂಬು, ಬಿಟ್ಟರೆ ಬಿಡು.

ಫೋನ್ ಮಾಡದೆ ಕಾಗದ ಬರೆಯುತ್ತಾನಲ್ಲ ಈ ಮಾವ ಎಂದು ನಗಬೇಡ. ಫೋನಿನ ಪುಟ್ಟ ಕನ್ನಡ ಅಕ್ಷರಕ್ಕೆ ನನ್ನ ಹೆಬ್ಬೆರಳು ಹೊಂದುವುದಿಲ್ಲ. ಅದೂ ಅಲ್ಲದೆ ಏಳನೇ ಕ್ಲಾಸಿಗೇ ಶಾಲೆ ಬಿಟ್ಟರೂ, ಊರಿನ ಅರ್ಧ ಜನರ ಕಾಗದ ಬರೆದ ಕೈ ಇದು. ನಿಜವಾದ ಕಾರಣ ಬೇರೆ. ವಿಷಯ ಗುಟ್ಟಿನದು. ನಾನು ಫೋನಿನಲ್ಲಿ ಬಾಯಿ ತೆರೆದರೆ ಹೋಟೆಲಿನ ಅಡುಗೆಮನೆಯೆಲ್ಲ ಕೇಳುತ್ತದೆ. ನಿನ್ನ ಅಮ್ಮನಿಗೆ ಗೊತ್ತಾದರಂತೂ ಮುಗಿಯಿತು. ಅನಸೂಯಕ್ಕ ಅಲ್ಲಿಂದಲೇ ಪೊರಕೆ ಎಸೆದಾಳು.

ಮನೆಯಲ್ಲೇ ಬಿಯರ್ ಮಾಡಬೇಕೆಂದಿದ್ದೇನೆ. ಸಾಮಾನೆಲ್ಲ ಬಂದಿದೆ. ಇಪ್ಪತ್ತು ಲೀಟರಿನ ಬಿಳಿ ಬಕೆಟ್ಟು, ಅದಕ್ಕೆ ಬಿಗಿ ಮುಚ್ಚಳ, ಕೆಳಗೊಂದು ನಲ್ಲಿ. ಮುಚ್ಚಳದ ಮೇಲೆ ಒಂದು ಪುಟ್ಟ ನೀರಿನ ಕೊಳವೆ. ಒಳಗಿನ ಗಾಳಿ ಗುಳುಗುಳು ಎಂದು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ಬಾರ್ಲಿಯ ಮಾಲ್ಟ್ ಪಾಕದ ಡಬ್ಬಿ, ನೋಡಲಿಕ್ಕೆ ಥೇಟು ಜೋನಿ ಬೆಲ್ಲ. ಬಾಟಲಿಗೆ ತಗಡಿನ ಮುಚ್ಚಳ ಒತ್ತುವ ಎರಡು ಕೈಯ ಯಂತ್ರ. ಒಂದು ಗಾಜಿನ ತೇಲುಕಡ್ಡಿ, ಮೈಮೇಲೆಲ್ಲ ನಂಬರು. ಖಾಲಿ ಬಾಟಲಿ ಹೋಟೆಲಿನಿಂದ ದಿನಕ್ಕೆರಡು ತರುತ್ತಿದ್ದೇನೆ.

ಕೆಳಗಿನ ಮನೆಯ ನೊಮುರಾ-ಸಾನ್ ನಿನಗೆ ನೆನಪಿರಬೇಕು. ಎಪ್ಪತ್ತಾರು ವರ್ಷ. ಆರು ವರ್ಷದ ಹಿಂದೆ ಬಾಡಿಗೆ ಮನೆಯ ಐದು ಏಜೆಂಟರು ನನ್ನ ಮುಖ ನೋಡಿ 'ಸುಮಿಮಾಸೆನ್', ಕ್ಷಮಿಸಿ, ಎಂದು ಫೈಲು ಮುಚ್ಚಿದಾಗ, ಮಹಡಿಯ ಬೀಗದ ಕೈಯನ್ನು ನನಗೆ ಕೊಟ್ಟ ಪುಣ್ಯಾತ್ಗಿತ್ತಿ. ಅವರ ಷರತ್ತು ಒಂದೇ: 'ನನಗೆ ಹೇಳದೆ ಮನೆಯಲ್ಲಿ ಏನನ್ನೂ ಇಡಬೇಡಿ, ತಿಮ್ಮಾ-ಸಾನ್.' ಹೇಳಿದರಾಯಿತು, ಬಿಯರ್ ಆದಮೇಲೆ, ಒಂದು ಗ್ಲಾಸು ಕೈಗೆ ಕೊಟ್ಟು.

ನೀನು ಹಿರೋಷಿಮಾದಲ್ಲಿ ಯೀಸ್ಟನ್ನೇ ಹಗಲೂ ರಾತ್ರಿ ಓದುವವಳು. ಮಾವನಿಗೆ ನಾಲ್ಕು ಮಾತು ಬರಿ.

ನಿನ್ನ
ತಿಮ್ಮಪ್ಪ ಮಾವ

*

ಹಿರೋಷಿಮಾ
30 ಜೂನ್ 2023

ಮಾವ,

ನಿಮ್ಮ ಕಾಗದ ಓದಿ ಲ್ಯಾಬಿನಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟೆ. ಆಮೇಲೆ ಭಯವಾಯಿತು.

ಇಲ್ಲಿ ಲೈಸೆನ್ಸ್ ಇಲ್ಲದೆ ಶೇಕಡಾ ಒಂದಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವುದನ್ನು ಯಾರೂ ಮನೆಯಲ್ಲಿ ಮಾಡುವಂತಿಲ್ಲ. ಸಿಕ್ಕಿಬಿದ್ದರೆ ದಂಡ, ಜೈಲು ಎರಡೂ ಇದೆ. ಆಮೇಲೆ ನಿಮ್ಮ ವೀಸಾ? ಡಬ್ಬಿಯ ಜೊತೆ ಬಂದ ಹಾಳೆಯಲ್ಲಿ ಪಾಕ ಇಷ್ಟೇ ಹಾಕಿ, ನೀರು ಇಷ್ಟು ಬೆರೆಸಿ ಎಂದು ಬರೆದಿರುತ್ತಾರೆ. ಅದು ಒಂದನ್ನು ದಾಟದಿರಲಿ ಎಂದೇ. ಹಾಗೇ ಮಾಡಿ. ಪ್ಲೀಸ್.

ಇನ್ನೊಂದು ಮಾತು, ಇದು ಕಾನೂನಿನದಲ್ಲ. ಬಿಯರಿಗೆ ಗುಳ್ಳೆ ಬರುವುದು ಬಾಟಲಿಯೊಳಗೆ. ಮುಚ್ಚುವ ಮೊದಲು ಚೂರು ಸಕ್ಕರೆ ಹಾಕುತ್ತಾರೆ, ಉಳಿದ ಯೀಸ್ಟ್ ಅದನ್ನು ತಿಂದು ಗ್ಯಾಸ್ ಬಿಡುತ್ತದೆ, ಹೊರಗೆ ಹೋಗಲು ದಾರಿಯಿಲ್ಲದೆ ಆ ಗ್ಯಾಸ್ ಬಿಯರಿನಲ್ಲೇ ಕರಗುತ್ತದೆ. ಅಂದರೆ ಮುಚ್ಚಿದ ಬಾಟಲಿ ಒಂದು ಕುಕ್ಕರ್ ಇದ್ದಂತೆ ಮಾವ, ಆದರೆ ಸೀಟಿ ಇಲ್ಲ. ಒಳಗೆ ತಿನ್ನಲು ಹೆಚ್ಚು ಉಳಿದಿದ್ದರೆ ಗಾಜೇ ಒಡೆಯುತ್ತದೆ. ನನ್ನ ಸೀನಿಯರ್ ಒಬ್ಬನ ಕತ್ತಿನ ಮೇಲೆ ಗಾಯದ ಗೆರೆ ಇದೆ, ಕಿವಿಯಿಂದ ಕಾಲರ್‌ವರೆಗೆ.

ನಾನು ಇದನ್ನೆಲ್ಲ ನಿಮಗೆ ಬರೆದೆ ಎಂದು ಯಾರಿಗೂ ಹೇಳಬೇಡಿ. ನನ್ನ ಸ್ಕಾಲರ್‌ಶಿಪ್ ಇನ್ನೂ ಒಂದೂವರೆ ವರ್ಷ ಇದೆ.

ಶ್ರೀರಕ್ಷಾ

*

ಕೋಬೆ
9 ಜುಲೈ 2023, ಭಾನುವಾರ

ಹೆದರುಪುಕ್ಕಲಿ ಸೊಸೆಗೆ,

ಆ ಹಾಳೆ ಜಪಾನೀಯರಿಗೆ ಬರೆದದ್ದು. ಡಬ್ಬಿ ಪೂರ್ತಿ ಸುರಿದೆ. ನೀರು ಬೆರೆಸಿ ಸಾರು ಮಾಡುವವನಲ್ಲ ನಿನ್ನ ಮಾವ.

ಕಳೆದ ಭಾನುವಾರ ಯೀಸ್ಟ್ ಚಿಮುಕಿಸಿದೆ. ಮಾರನೆಯ ದಿನವೇ ಕೊಳವೆ ಮಾತಾಡಲು ಶುರು ಮಾಡಿತು. ಗುಳುಕ್, ಗುಳುಕ್. ಬಿಯರ್ ತಣ್ಣನೆಯ ದೇಶದ ಪದಾರ್ಥವಲ್ಲವೇ, ಅದಕ್ಕೇ ಎ.ಸಿ.ಯನ್ನು ಹದಿನಾರಕ್ಕೆ ಇಟ್ಟು ಬಕೆಟ್ಟನ್ನು ಅದರ ಕೆಳಗೇ ಕೂರಿಸಿದೆ. ನಾನು ಕಂಬಳಿ ಹೊದ್ದು ಮಲಗುತ್ತೇನೆ. ಎ.ಸಿ. ಹಗಲೂ ರಾತ್ರಿ ಓಡುವ ಸದ್ದಿಗೆ ನೊಮುರಾ-ಸಾನ್ ಕೇಳಿದರು: 'ತಿಮ್ಮಾ-ಸಾನ್, ಮೇಲೆ ಯಾರಾದರೂ ನಡುಗುತ್ತಿದ್ದಾರಾ?'

ನಾಲ್ಕು ದಿನಕ್ಕೆ ಎಲ್ಲ ಮುಗಿಯಿತು. ಮೇಲೆ ಎದ್ದಿದ್ದ ನೊರೆ ಇಳಿಯಿತು, ಕೊಳವೆ ಸುಮ್ಮನಾಯಿತು. ಇಪ್ಪತ್ತೈದು ವರ್ಷದಿಂದ ಇಡ್ಲಿ ಹಿಟ್ಟು ನೋಡುತ್ತಿರುವವನಿಗೆ ಯೀಸ್ಟ್ ಪಾಠ ಹೇಳಬೇಕೇ? ಹಿಟ್ಟು ಉಬ್ಬಿತು, ಹಿಟ್ಟು ಇಳಿಯಿತು, ಹುದುಗು ಮುಗಿಯಿತು. ವಾಸನೆಯೂ ಹಾಗೇ ಇದೆ. ಬಾಟಲಿಗೆ ಇಳಿಸಲೇ?

ನಿನ್ನ ಮಾವ

*

ಹಿರೋಷಿಮಾ
13 ಜುಲೈ 2023

ಮಾವ, ಇಳಿಸಬೇಡಿ!

ಬಿಯರ್ ಇಡ್ಲಿ ಹಿಟ್ಟಲ್ಲ. ನೊರೆ ಇಳಿದರೆ ಮುಗಿಯಿತು ಅಂತಲ್ಲ. ಹದಿನಾರು ಡಿಗ್ರಿಯಲ್ಲಿ ನಿಮ್ಮ ಯೀಸ್ಟ್ ಊಟ ಮುಗಿಸಿದೆಯೋ, ಚಳಿಗೆ ಮುದುರಿ ನಿದ್ದೆ ಹೋಗಿದೆಯೋ ಕಿವಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಆ ಗಾಜಿನ ತೇಲುಕಡ್ಡಿಗೆ ಮಾತ್ರ. ಒಂದು ಲೋಟ ತೆಗೆದು ಅದರಲ್ಲಿ ಕಡ್ಡಿ ತೇಲಿಸಿ. ಸಿಹಿ ಹೆಚ್ಚಿದ್ದರೆ ಕಡ್ಡಿ ಮೇಲೆ ನಿಲ್ಲುತ್ತದೆ, ಸಿಹಿ ಮುಗಿದಷ್ಟೂ ಮುಳುಗುತ್ತದೆ. ಮೂರು ದಿನ ಬಿಟ್ಟು ಮತ್ತೆ ತೇಲಿಸಿ. ಎರಡು ಸಲವೂ 1.012ರ ಹತ್ತಿರ ನಿಂತರೆ ಮುಗಿದಂತೆ. 1.020ಕ್ಕಿಂತ ಮೇಲಿದ್ದರೆ ಮುಟ್ಟಬೇಡಿ.

ನಂಬರು ಬರೆದು ಕಳಿಸಿ. ನಾನು ಹೂಂ ಅನ್ನುವವರೆಗೆ ಒಂದು ಬಾಟಲಿಯನ್ನೂ ಮುಚ್ಚಬೇಡಿ. ಪ್ರಾಮಿಸ್ ಮಾಡಿ.

ಶ್ರೀ

*

ಕೋಬೆ
18 ಜುಲೈ 2023

ಪ್ರೊಫೆಸರ್ ಶ್ರೀರಕ್ಷಾ ಅವರಿಗೆ,

ಹದಿನೈದನೇ ತಾರೀಕು: 1.012. ಹದಿನೆಂಟನೇ ತಾರೀಕು: 1.012. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನ್ನ ಕೈ ಅಂಥದ್ದು.

ಈಗ ಹೂಂ ಅನ್ನು.

ತಿ. ಮಾವ

*

ಹಿರೋಷಿಮಾ
21 ಜುಲೈ 2023

ಮಾವ,

ಹೂಂ.

ಇಷ್ಟು ಕರಾರುವಾಕ್ಕಾಗಿ ಬರುತ್ತದೆ ಎಂದುಕೊಂಡಿರಲಿಲ್ಲ. ಅನುಮಾನಪಟ್ಟಿದ್ದಕ್ಕೆ ಸಾರಿ. ಬಾಟಲಿಗಳನ್ನು ಕುದಿನೀರಿನಲ್ಲಿ ತೊಳೆಯಿರಿ. ದೊಡ್ಡ ಬಾಟಲಿಗೆ ನಾಲ್ಕು ಗ್ರಾಂ ಸಕ್ಕರೆ. ತಕ್ಕಡಿಯಲ್ಲಿ ತೂಗಿದ ನಾಲ್ಕು ಗ್ರಾಂ, ನಿಮ್ಮ ಕೈಯಳತೆಯ ನಾಲ್ಕಲ್ಲ. ಎರಡು ವಾರ ನೆರಳಿನಲ್ಲಿಟ್ಟು ಆಮೇಲೆ ಫ್ರಿಜ್ಜಿಗೆ.

ನೊಮುರಾ-ಸಾನ್ ಅವರಿಗೆ ಹೇಳಿದಿರಾ? ಅದನ್ನು ಬರೆದೇ ಇಲ್ಲ ನೀವು.

ಶ್ರೀ

*

ಕೋಬೆ
7 ಆಗಸ್ಟ್ 2023, ಸೋಮವಾರ

ಮಗಳೇ,

ಮೂವತ್ತು ಬಾಟಲಿ! ಸೈನ್ಯದ ಹಾಗೆ ನಿಂತಿವೆ. ಕಳೆದ ಭಾನುವಾರದ ಹಿಂದಿನ ಭಾನುವಾರ, ಬೆಳಿಗ್ಗೆ ಎಂಟಕ್ಕೆ ಕೂತವನು ಮಧ್ಯಾಹ್ನಕ್ಕೆ ಎದ್ದೆ. ಕೊನೆಯ ಮುಚ್ಚಳ ಒತ್ತಿದಾಗ ಕೈಯಲ್ಲಿ ಗುಳ್ಳೆ ಎದ್ದಿತ್ತು, ಬಿಯರಿನಲ್ಲಿ ಏಳುವ ಮೊದಲೇ.

ಈಗ ಒಂದು ಸಣ್ಣ ಮಾತು. ಬೈಯಬೇಡ. ಸಕ್ಕರೆ ಯಾಕೆ, ಸಪ್ಪೆ ಪದಾರ್ಥ, ಎಂದು ಇಂಡಿಯನ್ ಅಂಗಡಿಯಿಂದ ಒಳ್ಳೆ ಅಚ್ಚು ಬೆಲ್ಲ ತಂದೆ. ಬಾಟಲಿಗೊಂದು ನೆಲ್ಲಿಕಾಯಿ ಗಾತ್ರದ ಉಂಡೆ. ಬಾಟಲಿಯ ಬಾಯಿ ಚಿಕ್ಕದು, ಪುಡಿ ಮಾಡಿ ಸುರಿದೆ. ತೂಗಲಿಲ್ಲ. ಸಾವಿರ ಜನಕ್ಕೆ ತೂಗದೆ ಅಡುಗೆ ಮಾಡಿದ ಕೈ ನಾಲ್ಕು ಗ್ರಾಂ ತೂಗಿದರೆ ನಗುವುದಿಲ್ಲವೇ ಜನ?

ಇನ್ನೊಂದು ಇನ್ನೂ ಸಣ್ಣದು. ಆ ತೇಲುಕಡ್ಡಿ ಬಂದ ದಿನವೇ ಸಿಂಕಿಗೆ ಬಿದ್ದು ಒಡೆದಿತ್ತು. ನಿನಗೆ ಬರೆದ ನಂಬರು ನೀನೇ ಬರೆದ ನಂಬರು. ನಿನಗೆ ಸಮಾಧಾನವಾಗಲಿ ಎಂದು. ವಾಸನೆಯಲ್ಲೇ ಗೊತ್ತಾಗಿತ್ತಲ್ಲ, ಮತ್ತೇನು?

ಹಾಸಿಗೆ ಇಡುವ ಗೋಡೆಬೀರುವಿನಲ್ಲಿ, ಹೊದಿಕೆಗಳ ನಡುವೆ ಬೆಚ್ಚಗೆ ಮಲಗಿಸಿದ್ದೇನೆ. ಬಿಯರ್ ಆಗಿಹೋದ ಮೇಲೆ ಚಳಿ ಬೇಡವೆಂದು ಎ.ಸಿ. ನಿಲ್ಲಿಸಿದೆ. ಕರೆಂಟಿನ ಬಿಲ್ಲು ನೋಡಿದರೆ ನೀನು ಅಳುತ್ತಿದ್ದೆ. ಹೊರಗೆ ಮೂವತ್ತಾರು ಡಿಗ್ರಿ.

ನಿನ್ನ ಮಾವ

*

ಹಿರೋಷಿಮಾ
10 ಆಗಸ್ಟ್ 2023, ಗುರುವಾರ
ಎಕ್ಸ್‌ಪ್ರೆಸ್ ಅಂಚೆ

ಮಾವ, ಇದನ್ನು ನಿಂತುಕೊಂಡೇ ಓದಿ.

ನಿಮ್ಮ ಕಾಗದ ಇವತ್ತು ಬೆಳಿಗ್ಗೆ ಬಂತು. ಹನ್ನೊಂದು ಸಲ ಫೋನ್ ಮಾಡಿದ್ದೇನೆ, ರಿಂಗ್ ಆಗುತ್ತದೆ, ಎತ್ತುತ್ತಿಲ್ಲ. ಬೈಗುಳಕ್ಕೆ ಹೆದರಿ ಎತ್ತದಿದ್ದರೆ, ಬೈಯುವುದಿಲ್ಲ, ಎತ್ತಿ.

ಯೀಸ್ಟ್ ಊಟ ಮುಗಿಸಿರಲಿಲ್ಲ. ಚಳಿಗೆ ನಿದ್ದೆ ಹೋಗಿತ್ತು. ಈಗ ನೀವು ಅದನ್ನು ಬೆಚ್ಚಗೆ ಮಾಡಿ ಎಬ್ಬಿಸಿದ್ದೀರಿ. ಅದರ ಮುಂದೆ ಅರ್ಧ ಉಳಿದ ಊಟವೂ ಇದೆ, ಮೂರು ಪಟ್ಟು ಬೆಲ್ಲವೂ ಇದೆ. ಒಂದು ಒಡೆದರೆ ಪಕ್ಕದ್ದು ಒಡೆಯುತ್ತದೆ.

ಬೀರುವಿನ ಬಾಗಿಲು ತೆಗೆಯಬೇಡಿ. ಬಾಟಲಿ ಎತ್ತಬೇಡಿ, ಅಲ್ಲಾಡಿಸಬೇಡಿ, ಬೇರೆ ಕಡೆ ಸಾಗಿಸಬೇಡಿ. ಎ.ಸಿ.ಯನ್ನು ಎಷ್ಟು ಕಡಿಮೆ ಆಗುತ್ತದೋ ಅಷ್ಟಕ್ಕೆ ಇಟ್ಟು ರೂಮಿನಿಂದ ಹೊರಗೆ ಬನ್ನಿ. ನೊಮುರಾ-ಸಾನ್ ಮೇಲೆ ಬರದಂತೆ ನೋಡಿಕೊಳ್ಳಿ. ನಾಳೆ ಪರ್ವತ ದಿನದ ರಜೆ, ಮಾಮೂಲಿ ಅಂಚೆ ಸೋಮವಾರದವರೆಗೆ ಇಲ್ಲ, ಅದಕ್ಕೇ ಎಕ್ಸ್‌ಪ್ರೆಸ್. ನಾಳೆ ಕೈಗೆ ಸಿಗುತ್ತದೆ.

ಸಿಕ್ಕಿದ ತಕ್ಷಣ ಒಂದೇ ಒಂದು ಸಲ ಫೋನ್ ಮಾಡಿ.

ಶ್ರೀರಕ್ಷಾ

*

ಫುನಾಬೊರಿ, ಟೋಕಿಯೊ
11 ಆಗಸ್ಟ್ 2023

ಶ್ರೀ ಮಗಳಿಗೆ,

ನೋಡಿದೆಯಾ, ಮಾವ ರಾಜಧಾನಿಯಲ್ಲಿದ್ದಾನೆ! ಪ್ರತಿ ವರ್ಷದ ಹಾಗೆ ಇಲ್ಲಿನ ಕನ್ನಡದವರ ಆಗಸ್ಟ್ ಹದಿನೈದರ ಊಟಕ್ಕೆ ನಾನೇ ಭಟ್ಟ. ನಿನ್ನೆ ಬೆಳಗಿನ ರೈಲಿಗೆ ಬಂದೆ. ಪದ್ಮನಾಭ ಮತ್ತು ಇಂದು ಎಂಬ ಗಂಡಹೆಂಡತಿಯ ಮನೆಯಲ್ಲಿ ಇಳಿದಿದ್ದೇನೆ. ಇಂದು ಇವತ್ತು ತಿಳಿಸಾರು ರುಚಿ ನೋಡಿ, 'ಅಂಕಲ್, ಅಮ್ಮನ ನೆನಪು ಬಂತು' ಎಂದು ಕಣ್ಣೊರೆಸಿಕೊಂಡಳು. ಖಾರ ಹೆಚ್ಚಾಗಿತ್ತು, ಅದನ್ನು ಹೇಳಲಿಲ್ಲ ಪಾಪ.

ಫೋನನ್ನು ಹೋಟೆಲಿನ ಅಡುಗೆಮನೆಯ ಚಾರ್ಜರಿನಲ್ಲೇ ಮರೆತು ಬಂದೆ. ಒಳ್ಳೆಯದೇ ಆಯಿತು. ನನ್ನ ಹಿಂದಿನ ಕಾಗದ ನೋಡಿ ನೀನು ಬೈಯಲು ಹೊರಟಿರುತ್ತೀಯ, ಚಾರ್ಜರಿಗೆ ಬೈಯಿ.

ಒಂದು ತಮಾಷೆ ಕೇಳು. ಮಂಗಳವಾರ ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದೆ, ಬೀರುವಿನೊಳಗೆ ಢಬ್ ಎಂದಿತು. ಒಂದು ಬಾಟಲಿ ಕುತ್ತಿಗೆ ಹಾರಿಸಿಕೊಂಡು, ಹೊದಿಕೆಯೆಲ್ಲ ಕುಡಿದು ಮಲಗಿತ್ತು. ಕೆಳಗಿನಿಂದ ನೊಮುರಾ-ಸಾನ್ ಕೂಗಿದರು: 'ತಿಮ್ಮಾ-ಸಾನ್, ಬಿದ್ದಿರಾ?' 'ಹೌದು, ಬಿದ್ದೆ, ಏನೂ ಆಗಿಲ್ಲ' ಎಂದೆ. ಆದರೆ ವಾಸನೆಗೆ ಏನು ಹೇಳಲಿ? ಅದಕ್ಕೇ ಅವರು ತರಕಾರಿಗೆ ಹೋದ ಹೊತ್ತು ನೋಡಿ ಉಳಿದ ಇಪ್ಪತ್ತೊಂಬತ್ತನ್ನೂ ಹಿತ್ತಲಿನ ತಗಡಿನ ಕೋಣೆಗೆ ಸಾಗಿಸಿದೆ. ಅಲ್ಲಿ ಅವರ ಗಂಡನ ಕಾಲದ ಹಳೆ ಸಾಮಾನು ತುಂಬಿದೆ. ಕಾಗದದ ಲಾಂದ್ರದ ಪೆಟ್ಟಿಗೆಯೊಂದಿತ್ತು, ಅದರ ಹಿಂದೆ ಸಾಲಾಗಿ ನಿಲ್ಲಿಸಿ ಮೇಲೆ ಹಳೆ ಚಾಪೆ ಹೊದಿಸಿದೆ. ಆ ಕೋಣೆಯನ್ನು ಅವರು ತೆಗೆಯುವುದು ವರ್ಷಕ್ಕೊಂದೇ ಸಲವಂತೆ, ಯಾವುದೋ ಹಬ್ಬಕ್ಕೆ. ಯಾವುದೋ ನಾನು ಕಂಡಿಲ್ಲ. ಈ ಆರು ವರ್ಷದಲ್ಲಿ ಅವರು ಅದನ್ನು ತೆಗೆಯುವಾಗೆಲ್ಲ ನಾನು ಊರಿನಲ್ಲೇ ಇರಲಿಲ್ಲ ಅಂತ ಕಾಣುತ್ತದೆ.

ಹದಿನೈದಕ್ಕೆ ಹಿಂತಿರುಗುತ್ತೇನೆ. ಬಂದ ಮೇಲೆ ಮೊದಲ ಬಾಟಲಿ ನಿನ್ನ ಹೆಸರಿನಲ್ಲಿ.

ಮಾವ

*

ಕೋಬೆ, ನಿಮ್ಮ ಮನೆಯ ಮೆಟ್ಟಿಲು
12 ಆಗಸ್ಟ್ 2023, ಶನಿವಾರ, ಮಧ್ಯಾಹ್ನ

ಮಾವ,

ತಡೆಯಲಾಗದೆ ಬಂದೆ. ಇದನ್ನು ನಿಮ್ಮ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನಿಮ್ಮ ಅಂಚೆಡಬ್ಬಿಯಲ್ಲಿ ನನ್ನ ಎಕ್ಸ್‌ಪ್ರೆಸ್ ಕಾಗದದ ಕೆಂಪು ಗೆರೆ ಕಾಣುತ್ತಿದೆ. ಯಾರೂ ತೆಗೆದಿಲ್ಲ.

ನೊಮುರಾ-ಸಾನ್ ನನ್ನನ್ನು ನೋಡಿ ಒಳಗೆ ಕರೆದು ಬಾರ್ಲಿ ಟೀ ಕೊಟ್ಟರು. ನೀವು ಟೋಕಿಯೊಗೆ ಹೋಗಿದ್ದೀರಿ, ಹದಿನೈದಕ್ಕೆ ಬರುತ್ತೀರಿ ಎಂದರು. ಅಲ್ಲಿ ಯಾರ ಮನೆ ಎಂದು ಅವರಿಗೂ ಗೊತ್ತಿಲ್ಲ.

ಬಾಗಿಲಿಗೆ ಕಿವಿಯಿಟ್ಟು ಹತ್ತು ನಿಮಿಷ ನಿಂತೆ. ಏನೂ ಸದ್ದಿಲ್ಲ. ಜೀವ ಬಂದ ಹಾಗಾಯಿತು. ನೊಮುರಾ-ಸಾನ್ ಹತ್ತಿರ ಇನ್ನೊಂದು ಕೀಲಿ ಇದೆ, ಕೇಳಲಿಲ್ಲ. ಕೇಳಿದರೆ ಅವರೂ ನನ್ನ ಜೊತೆ ಒಳಗೆ ಬರುತ್ತಾರೆ. ವಿಷಯ ಹೇಳಿಬಿಡಲೇ ಎಂದು ಎರಡು ಸಲ ಬಾಯಿ ತೆರೆದೆ. ಅವರು ಕಾನೂನು ಎಂದರೆ ಕಾನೂನು ಎನ್ನುವವರು, ಪೊಲೀಸರಿಗೆ ಹೇಳಿಬಿಟ್ಟರೆ? ನಿಮ್ಮ ವೀಸಾ. ನನ್ನದೂ. ಬಾಟಲಿಗಳು ಬೀಗ ಹಾಕಿದ ರೂಮಿನ ಬೀರುವಿನಲ್ಲಿವೆ, ಅಲ್ಲಿಗೆ ಯಾರೂ ಹೋಗುವುದಿಲ್ಲ, ಒಡೆದರೆ ಹೊದಿಕೆ ಹಾಳಾಗುತ್ತದೆ ಅಷ್ಟೇ, ಎಂದು ನನಗೆ ನಾನೇ ಹೇಳಿಕೊಂಡೆ. ಟೀ ಕುಡಿದು ಸುಮ್ಮನಾದೆ.

ಅವರು ನಾಳೆಯ ಓಬೊನ್ ತಯಾರಿಯಲ್ಲಿದ್ದಾರೆ. ಸತ್ತವರು ಮನೆಗೆ ಬರುವ ದಿನವಂತೆ ಹದಿಮೂರನೇ ತಾರೀಕು. ಬೆಳಿಗ್ಗೆ ಗಂಡನ ಸಮಾಧಿ ತೊಳೆದು, ಸಂಜೆ ಹಿತ್ತಲ ಕೋಣೆಯಿಂದ ಲಾಂದ್ರ ತಂದು ಬಾಗಿಲಿಗೆ ಕಟ್ಟುತ್ತಾರಂತೆ, ಬರುವ ಗಂಡ ದಾರಿ ತಪ್ಪದಿರಲಿ ಎಂದು. 'ಪೆಟ್ಟಿಗೆ ಈಗಲೇ ಇಳಿಸಿಕೊಡಲಾ?' ಎಂದೆ. 'ಅಯ್ಯೋ ಬೇಡ, ಕಾಗದದ್ದು, ಹಗುರ. ವರ್ಷಕ್ಕೊಂದು ಸಲ ಅವರಿಗಾಗಿ ನಾನೇ ಮಾಡುವ ಕೆಲಸ' ಎಂದು ನಕ್ಕರು. ಕಲ್ಲಂಗಡಿ ಹಣ್ಣು ಕಟ್ಟಿಕೊಟ್ಟಿದ್ದಾರೆ.

ನಾಲ್ಕರ ರೈಲಿಗೆ ಹೋಗುತ್ತೇನೆ. ಬಂದವರೇ ಇದನ್ನೂ ಕೆಂಪು ಗೆರೆಯದನ್ನೂ ಓದಿ. ಬಾಗಿಲು ತೆಗೆಯುವ ಮೊದಲು.

ಶ್ರೀ

*

ಕೋಬೆ
17 ಆಗಸ್ಟ್ 2023

ಮಗಳಿಗೆ,

ಚಂಡಮಾರುತಕ್ಕೆ ರೈಲು ನಿಂತು ನಿನ್ನೆ ಬಂದೆ. ನಿನ್ನ ಎರಡು ಕಾಗದವೂ ಸಿಕ್ಕಿದವು.

ಗಾಬರಿ ಬೇಡ. ಇಲ್ಲಿ ಏನೂ ಆಗಿಲ್ಲ. ಬಾಟಲಿಗಳನ್ನೆಲ್ಲ ಚರಂಡಿಗೆ ಸುರಿದೆ. ಬಕೆಟ್ಟೂ ಬಿಸಾಡಿದೆ. ಬೇಜಾರಾಗಿತ್ತು. ನಷ್ಟ ಎಂದರೆ ಒಂಬತ್ತು ಸಾವಿರ ಯೆನ್, ಹೋದರೆ ಹೋಗಲಿ.

ನೊಮುರಾ-ಸಾನ್ ಹಿಮೆಜಿಯ ಮಗಳ ಮನೆಗೆ ಹೋಗಿದ್ದಾರೆ. ನೀನು ಈ ಕಡೆ ಬರಬೇಡ. ಬಿಸಿಲು ಜಾಸ್ತಿ. ಚೆನ್ನಾಗಿ ಓದಿಕೋ.

ತಿಮ್ಮಪ್ಪ

*

ಹಿರೋಷಿಮಾ
20 ಆಗಸ್ಟ್ 2023, ಭಾನುವಾರ

ಮಾವ,

ನಿಮ್ಮ ಹದಿನೇಳರ ಕಾಗದದಲ್ಲಿ ಒಂದು ಜೋಕೂ ಇಲ್ಲ. ಅದನ್ನು ನೋಡಿಯೇ ನಿಮಗೆ ಗೊತ್ತಾಗಿದೆ ಎಂದು ತಿಳಿಯಿತು. ನನಗೂ ಗೊತ್ತಿದೆ, ನಿಮಗಿಂತ ಎರಡು ದಿನ ಮೊದಲಿನಿಂದ.

ನೀವು ಫುನಾಬೊರಿಯಿಂದ ಬರೆದದ್ದು ಸೋಮವಾರ ಹನ್ನೊಂದು ಗಂಟೆಗೆ ಬಂತು. 'ಲಾಂದ್ರದ ಪೆಟ್ಟಿಗೆಯ ಹಿಂದೆ' ಎಂಬಲ್ಲಿಗೆ ಬರುವಾಗ ನಾನು ಲ್ಯಾಬಿನ ಮೆಟ್ಟಿಲಿಳಿಯುತ್ತಿದ್ದೆ. ಅಲ್ಲಿಂದಲೇ ಸೀದಾ ಸ್ಟೇಷನ್ನಿಗೆ ಹೋದೆ.

ಹಿತ್ತಲಿಗೆ ಹಳದಿ ಟೇಪು ಕಟ್ಟಿದ್ದರು. ತಗಡಿನ ಬಾಗಿಲು ಹೊರಗಡೆಗೆ ಉಬ್ಬಿತ್ತು. ಪಕ್ಕದ ಮನೆಯಾಕೆ ಹೇಳಿದರು, ಭಾನುವಾರ ಸಂಜೆ ಐದೂವರೆಗೆ ಮೊದಲು ಒಂದು ಸದ್ದು, ಆಮೇಲೆ ಎಣಿಸಲಾಗದಷ್ಟು. ಪಟಾಕಿ ಎಂದುಕೊಂಡರಂತೆ. ಬೇಸಿಗೆಯಲ್ಲವೇ.

ಆಸ್ಪತ್ರೆಯಲ್ಲಿ ನೊಮುರಾ-ಸಾನ್ ಬಲಗಣ್ಣಿನಿಂದ ನನ್ನನ್ನು ನೋಡಿ, 'ಮತ್ತೆ ಅಷ್ಟು ದೂರದಿಂದ ಬಂದಿರಾ' ಎಂದು ಮಲಗಿದಲ್ಲೇ ತಲೆ ಬಗ್ಗಿಸಿದರು. ಎಡಗಣ್ಣಿಗೆ ಹಿಂದಿನ ರಾತ್ರಿಯೇ ಆಪರೇಷನ್ ಆಗಿತ್ತು. ಇನ್ನು ಆ ಕಣ್ಣು ಬರುವುದಿಲ್ಲವಂತೆ. ಎಡಗೈಯ ಮೂರು ಬೆರಳು ಮಡಚುವುದಿಲ್ಲ. ಅಗ್ನಿಶಾಮಕದವರಿಗೆ, ಪೊಲೀಸರಿಗೆ ಅವರು ಹೇಳಿದ್ದು ಏನು ಗೊತ್ತೇ? ತಾವೇ ಹಾಕಿಟ್ಟಿದ್ದ ಉಮೆ ಹಣ್ಣಿನ ರಸವಂತೆ, ಮುದುಕಿ, ಮರೆತು ಅಲ್ಲೇ ಬಿಟ್ಟೆನಂತೆ. ಪೊಲೀಸರು ನಂಬಿ ಬರೆದುಕೊಂಡು ಹೋದರು.

'ತಿಮ್ಮಾ-ಸಾನ್ ಬರುವವರೆಗೆ ತಿಳಿಸಬೇಡಿ, ಅಲ್ಲಿ ಅಡುಗೆ ಕೆಡುತ್ತದೆ' ಎಂದರು. ನಿಮ್ಮ ಕಾಗದದ ಹಿಂದೆ ಫುನಾಬೊರಿಯ ವಿಳಾಸವಿತ್ತು. ಆದರೂ ತಿಳಿಸಲಿಲ್ಲ.

ಮಾವ, ಹನ್ನೆರಡರಂದು ನಾನು ಒಂದು ಮಾತು ಹೇಳಿದ್ದರೆ ಅವರು ಆ ಕೋಣೆಯ ಹತ್ತಿರ ಹೋಗುವ ಮೊದಲು ಯೋಚಿಸುತ್ತಿದ್ದರು. ಚಾಪೆಯ ಕೆಳಗೆ ಏನೋ ಇದೆ ಎಂದು ಕಂಡಾಗಲಾದರೂ ಹಿಂದೆ ಸರಿಯುತ್ತಿದ್ದರು. ಅವರು ಕೊಟ್ಟ ಟೀ ಕುಡಿದು ನನ್ನ ವೀಸಾ ನೆನೆಸಿಕೊಂಡು ಕೂತಿದ್ದೆ ನಾನು. ಅದನ್ನು ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ.

ನೀವೂ ನನಗೆ ನಿಜ ಬರೆಯಿರಿ. ಏನು ಮಾಡುತ್ತಿದ್ದೀರಿ? ಒಂಬತ್ತು ಸಾವಿರ ಅಂತ ಮಾತ್ರ ಬರೆಯಬೇಡಿ.

ಶ್ರೀರಕ್ಷಾ

*

ಕೋಬೆ
27 ಆಗಸ್ಟ್ 2023, ಭಾನುವಾರ

ಶ್ರೀ,

ಮೂರು ಹಾಳೆ ಹರಿದು ಇದು ನಾಲ್ಕನೆಯದು.

ಹದಿನಾರರಂದು ಬಂದಾಗ ಟೇಪು ನೋಡಿದೆ. ಹುಲ್ಲಿನಲ್ಲಿ ಕಂದು ಗಾಜು, ಇರುವೆ ಸಾಲು, ಬೆಲ್ಲದ ವಾಸನೆ. ಲಾಂದ್ರದ ಕಾಗದ ಚೂರುಚೂರಾಗಿ ಬೇಲಿಗೆ ಅಂಟಿತ್ತು. ನಿನ್ನ ಎರಡು ಕಾಗದವನ್ನೂ ಅಲ್ಲೇ ನಿಂತು ಓದಿದೆ. 'ಬೇರೆ ಕಡೆ ಸಾಗಿಸಬೇಡಿ' ಎಂದು ಬರೆದಿದ್ದೆ ನೀನು. ಅದನ್ನು ನೀನು ಬರೆಯುವ ಎರಡು ದಿನ ಮೊದಲೇ, ಆ ಬಿಸಿಲಿನಲ್ಲಿ ಕಾದ ತಗಡಿನೊಳಕ್ಕೆ ಒಂದೊಂದಾಗಿ ಮಗುವಿನ ಹಾಗೆ ಎತ್ತಿಕೊಂಡು ಹೋಗಿ ಇಟ್ಟಿದ್ದೆ.

ಆಸ್ಪತ್ರೆಗೆ ಹೋದೆ. ಬಾಗಿಲಲ್ಲೇ ಮಂಡಿಯೂರಿ ಕೂತೆ. ಏಳಿ ಎಂದರು. ಏಳಲಿಲ್ಲ. ಅವರು ಮೊದಲು ಕೇಳಿದ್ದು, 'ತಿಮ್ಮಾ-ಸಾನ್, ಲಾಂದ್ರ ಉಳಿದಿದೆಯಾ?' ಇಲ್ಲ ಎಂದೆ. 'ಹಾಗಾದರೆ ಈ ವರ್ಷ ಅವರು ಕತ್ತಲಲ್ಲೇ ಬಂದು ಹೋಗಿರಬೇಕು' ಎಂದರು. ನನ್ನನ್ನು ಬೈದಿದ್ದರೆ ಹೊಟ್ಟೆ ತಣ್ಣಗಾಗುತ್ತಿತ್ತು.

ನಾನು ಬದುಕಿನ ಉದ್ದಕ್ಕೂ ಸುಳ್ಳು ಹೇಳಿದವನು. ಕಾರು ನಿಲ್ಲಿಸುವ ಕಂಪನಿಯವರು, ಸಾವಿರ ಜನರ ಅಡುಗೆ, ಎಲ್ಲ. ಯಾರಿಗೂ ಅದರಿಂದ ಏನೂ ಆಗಿರಲಿಲ್ಲ, ಜನ ನಗುತ್ತಿದ್ದರು. ಆದರೆ ಆ ಹೆಂಗಸು, ಕಸದ ಚೀಲದ ಬಣ್ಣ ತಪ್ಪಿದರೂ ಮೇಲೆ ಬಂದು ಹೇಳುವಾಕೆ, ಕಣ್ಣಿಗೆ ಬ್ಯಾಂಡೇಜು ಕಟ್ಟಿಕೊಂಡು ನನಗಾಗಿ ಪೊಲೀಸರಿಗೆ ಸುಳ್ಳು ಹೇಳಿದ್ದಾರೆ. ನಾಲ್ಕು ದಿನ ಆ ಸುಳ್ಳಿನ ನೆರಳಿನಲ್ಲಿ ಕೂತೆ. ನಿನಗೂ ಅದನ್ನೇ ಬರೆದು ಕಳಿಸಿದೆ.

ಸೋಮವಾರ ಬೀದಿ ಮೂಲೆಯ ಪೊಲೀಸ್ ಚೌಕಿಗೆ ಹೋಗಿ ಹೇಳಿದೆ. ಉಮೆ ರಸ ಅಲ್ಲ, ಬಿಯರ್, ನನ್ನದು. ಆ ಹುಡುಗ ಪೊಲೀಸ್ ಎರಡು ಸಲ ಕೇಳಿದ, ಭಾಷೆ ಸರಿಯಾಗಿ ಬಾರದೆ ಹೀಗೆ ಹೇಳುತ್ತಿದ್ದೇನೆ ಎಂದುಕೊಂಡ. ಆಮೇಲೆ ಇಬ್ಬರು ಬಂದು ಬಕೆಟ್ಟು, ಕೊಳವೆ, ಮುಚ್ಚಳ ಒತ್ತುವ ಯಂತ್ರ, ಖಾಲಿ ಡಬ್ಬಿ ಎಲ್ಲಕ್ಕೂ ಚೀಟಿ ಅಂಟಿಸಿ ತೆಗೆದುಕೊಂಡು ಹೋದರು. ಬಿಸಾಡಿದೆ ಎಂದು ನಿನಗೆ ಬರೆದದ್ದೂ ಸುಳ್ಳೇ. ಇನ್ನು ತೆರಿಗೆ ಇಲಾಖೆಯವರು ಕರೆಯುತ್ತಾರಂತೆ, ಮದ್ಯದ ಕಾನೂನು ಇಲ್ಲಿ ಅವರ ಕೈಯಲ್ಲಿ. ವೀಸಾ ಏನಾಗುತ್ತದೆ ಎಂದು ಕೇಳಿದೆ, ಅದು ನಮ್ಮ ಇಲಾಖೆಯದಲ್ಲ ಎಂದರು. ನಿನ್ನ ಕಾಗದಗಳನ್ನು ಯಾರಿಗೂ ತೋರಿಸಿಲ್ಲ, ನಿನ್ನ ಹೆಸರು ಎತ್ತಿಲ್ಲ. ನೀನು ಬೇಡ ಬೇಡ ಎಂದದ್ದೇ ಹೆಚ್ಚು. ಟೀ ಕುಡಿದು ಸುಮ್ಮನಾದದ್ದನ್ನು ನೀನೇ ಹೊತ್ತುಕೊಳ್ಳಬೇಕು, ಅದನ್ನು ನಾನು ಇಳಿಸಲಾರೆ.

ನೊಮುರಾ-ಸಾನ್ ಅವರನ್ನೂ ಪೊಲೀಸರು ಮತ್ತೆ ಕೇಳಿದರು. ಸುಳ್ಳು ಹೇಳಿದ್ದಕ್ಕೆ ಅವರು ಆ ಹುಡುಗನ ಮುಂದೆ ತಲೆ ಬಗ್ಗಿಸಬೇಕಾಯಿತು. ಅದೂ ನನ್ನಿಂದಲೇ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಶುಕ್ರವಾರ ಆಸ್ಪತ್ರೆಯಿಂದ ಮನೆಗೆ ಬಂದರು. ಅವರ ಮಗಳು ಮೇಲೆ ಬಂದು ಹೇಳಿದಳು, ಮುಂದಿನ ತಿಂಗಳ ಕೊನೆಗೆ ಮಹಡಿ ಖಾಲಿಯಾಗಬೇಕು.

ನಿನ್ನೆ ಅಂಚೆ ಕಚೇರಿಯ ಉಳಿತಾಯ ಪೂರ್ತಿ ತೆಗೆದೆ. ಬಿಳಿ ಲಕೋಟೆಯಲ್ಲಿಟ್ಟು ಕೆಳಗೆ ಹೋಗಿ ಅವರ ಮುಂದೆ ಇಟ್ಟೆ. ಇಲ್ಲಿ ಏನು ಕೊಟ್ಟರೂ ಎರಡು ಸಲ ಬೇಡ ಅನ್ನುತ್ತಾರೆ, ನಮ್ಮಲ್ಲಿಯೂ ಹಾಗೇ. ಅವರು ಬೇಡ ಅನ್ನುತ್ತಾರೆ, ನಾನು ಒತ್ತಾಯ ಮಾಡಬೇಕು ಎಂದು ಜಪಾನಿ ಮಾತುಗಳನ್ನು ಮೆಟ್ಟಿಲ ಮೇಲೆ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ಒಂದು ಸಲವೂ ಬೇಡ ಅನ್ನಲಿಲ್ಲ. ಬಲಗೈಯಲ್ಲಿ ಹಿಡಿದು, ಮಡಚದ ಎಡಗೈಯನ್ನು ಕೆಳಗೆ ಆನಿಸಿ, ತೆಗೆದುಕೊಂಡರು. ಲಕೋಟೆ ಬಿಚ್ಚಿ ನನ್ನೆದುರೇ ಎಣಿಸಿದರು. ಒಂದು ಕಣ್ಣಿನಲ್ಲಿ ನೋಟು ಎಣಿಸುವುದು ಇನ್ನೂ ಅಭ್ಯಾಸವಾಗಿಲ್ಲ, ಎರಡು ಸಲ ತಪ್ಪಿ ಮೊದಲಿನಿಂದ ಶುರು ಮಾಡಿದರು. ನಾನು ಕೂತು ಕಾದೆ. ಮುಗಿದ ಮೇಲೆ ಒಂದು ಚೀಟಿಯ ಮೇಲೆ ಮೊತ್ತ ಬರೆದು, ಮೊಹರು ಒತ್ತಿ, ನನ್ನ ಕಡೆ ತಳ್ಳಿದರು.

ಆ ಚೀಟಿ ಈಗ ನನ್ನ ಮುಂದಿದೆ, ಅದನ್ನೇ ನೋಡಿ ಬರೆಯುತ್ತಿದ್ದೇನೆ. ಅವರ ಕಣ್ಣು, ಬೆರಳು ಇದರಲ್ಲಿ ಸೇರಿಲ್ಲ. ಹೋದದ್ದು ಒಂಬತ್ತು ಸಾವಿರವಲ್ಲ. ಹನ್ನೊಂದು ಲಕ್ಷದ ಎಪ್ಪತ್ತೆರಡು ಸಾವಿರ ಯೆನ್.

ತಿಮ್ಮಪ್ಪ